ಗರಿ ಬಿದ್ದ ರಾತ್ರಿ: ಮಂಡ್ಯ ಸೀಮೆಯ ಊರೊಂದಕ್ಕೆ ಗಡಿಯಾಚೆಯ ಸುಳ್ಳು ಬಂದ ಬಗೆ

ಇದು ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಒಂದು ದೊಡ್ಡ ಊರಿನಲ್ಲಿ 2025ರ ಮೇ 9ರಿಂದ 12ರವರೆಗೆ ನಡೆದ ಸಂಗತಿ. ಊರು, ಸಂಘ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ; ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಮೈಸೂರಿನಲ್ಲಿ ಪತ್ರಿಕೋದ್ಯಮ ಕಲಿಸುವ ನನಗೆ ಇದರ ನಂಟು ಬಂದದ್ದು ಆ ಊರಿನ ವಿದ್ಯಾರ್ಥಿನಿಯೊಬ್ಬಳ ಮೂಲಕ. ನಡೆದದ್ದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಹಿನ್ನೆಲೆ

ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇನ್ನೂರು ಚಿಲ್ಲರೆ ಸದಸ್ಯರ ಒಂದು ವಾಟ್ಸಾಪ್ ಗುಂಪಿದೆ. ಹಾಲಿನ ದರ, ಫೀಡ್ ಮೂಟೆ ಬಂದ ಸುದ್ದಿ, ಪಶುವೈದ್ಯರು ಬರುವ ದಿನ, ಯಾರದೋ ಮನೆಯ ಸಾವು, ಇನ್ಯಾರದೋ ಬೀಗರೂಟ, ಇಷ್ಟೇ ಅದರ ವಹಿವಾಟು. ಅದರಲ್ಲಿ ಬರುವುದೆಲ್ಲ ದಿನನಿತ್ಯದ ಕೆಲಸದ ಮಾತಾದ್ದರಿಂದ ಜನ ಅದನ್ನು ಟಿವಿಗಿಂತ ಹೆಚ್ಚು ನಂಬುತ್ತಿದ್ದರು. ಗುಂಪನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಸಂಘದ ಕಾರ್ಯದರ್ಶಿಯೂ ಒಬ್ಬ ಅಡ್ಮಿನ್. ಕಾರ್ಯದರ್ಶಿಯ ಮಗಳೇ ನನ್ನ ವಿದ್ಯಾರ್ಥಿನಿ.

ದೇಶದ ಸ್ಥಿತಿ ಓದುಗರಿಗೆ ನೆನಪಿದ್ದೇ ಇರುತ್ತದೆ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಗಿತ್ತು; ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆಯಿತು; ಆ ನಾಲ್ಕು ದಿನ ಫೋನುಗಳಲ್ಲಿ ಸುಳ್ಳಿನ ಮಳೆಯೇ ಸುರಿಯಿತು. ಕಂಪ್ಯೂಟರ್ ಆಟದ ದೃಶ್ಯಗಳು ಯುದ್ಧದ ದೃಶ್ಯಗಳಾದವು, 2020ರ ಬೇರೂತ್ ಸ್ಫೋಟ ಭಾರತದ ಮೇಲೆ ಬಿದ್ದ ಕ್ಷಿಪಣಿಯಾಯಿತು. ಇದೆಲ್ಲ ಒಂದೇ ದಿಕ್ಕಿನಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಕರಾಚಿ ಬಂದರು ನಾಶವಾಯಿತೆಂದು ನಮ್ಮದೇ ಕೆಲವು ವಾಹಿನಿಗಳು ಬಿತ್ತರಿಸಿದವು. ಅದು ನಡೆದೇ ಇರಲಿಲ್ಲ. ಆ ಊರಿನ ಟೀ ಅಂಗಡಿಯಲ್ಲಿ ಕುಳಿತು ಅದನ್ನು ನೋಡಿ ಚಪ್ಪಾಳೆ ತಟ್ಟಿದವರು ಮಾರನೆಯ ದಿನ ಅದು ಸುಳ್ಳೆಂದು ತಿಳಿದಾಗ ಯಾವ ಸುದ್ದಿಯನ್ನೂ ನಂಬದ ಸ್ಥಿತಿಗೆ ಬಂದಿದ್ದರು. ಯಾವುದನ್ನೂ ನಂಬದವನು ಜಾಣನಾಗುತ್ತಾನೆಂದು ನಾವು ತಿಳಿಯುತ್ತೇವೆ. ಅವನು ತನ್ನ ಭಯಕ್ಕೆ ಹೊಂದುವುದನ್ನು ಮಾತ್ರ ನಂಬತೊಡಗುತ್ತಾನೆಂಬುದು ನಾನು ಅಲ್ಲಿ ಕಂಡದ್ದು.

ಸಮಸ್ಯೆ

ಮೊದಲ ಸಂದೇಶ ಗುಂಪಿಗೆ ಬಂದದ್ದು ಮೇ 9, ಶುಕ್ರವಾರ ಮಧ್ಯಾಹ್ನ: ಎಟಿಎಂಗಳು ಎರಡು ಮೂರು ದಿನ ಮುಚ್ಚಲಿವೆ, ಇಂದೇ ದುಡ್ಡು ತೆಗೆದಿಟ್ಟುಕೊಳ್ಳಿ. ಇದು ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಅಂದೇ ಹೇಳಿತ್ತು. ಆದರೆ ಊರಿನಲ್ಲಿರುವುದು ಒಂದೇ ಎಟಿಎಂ. ಸಂಜೆ ನಾಲ್ಕರ ಹೊತ್ತಿಗೆ ಅದರ ಮುಂದೆ ಸಾಲು ನಿಂತಿತು, ರಾತ್ರಿ ಎಂಟಕ್ಕೆ ದುಡ್ಡು ಖಾಲಿಯಾಯಿತು. ಮಾರನೆಯ ದಿನ ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ, ಅದರಾಚೆ ಭಾನುವಾರ. ಶನಿವಾರ ಬೆಳಿಗ್ಗೆ ಎಟಿಎಂ ಬಾಗಿಲಿಗೆ ‘ಹಣ ಇಲ್ಲ’ ಎಂಬ ಚೀಟಿ ಅಂಟಿಸಿದ್ದರು. ಸುಳ್ಳು ಹೇಳಿದ್ದು ಹಾಗೆಯೇ ನಡೆದುಹೋಗಿತ್ತು, ನಡೆಸಿಕೊಟ್ಟವರು ಸಾಲಿನಲ್ಲಿ ನಿಂತಿದ್ದವರೇ.

ಎರಡನೆಯದು ಶನಿವಾರ ಹಗಲು ಬಂತು. ಪಾಕಿಸ್ತಾನದ ಸೈಬರ್ ದಾಳಿಯಿಂದ ಭಾರತದ ‘70% ವಿದ್ಯುತ್ ಜಾಲರಿ ನಿಷ್ಕ್ರಿಯ’ಗೊಂಡಿದೆ, ಹಲವು ದಿನ ಕರೆಂಟು ಇರುವುದಿಲ್ಲ ಎಂಬುದು ಅದರ ಸಾರ. ಈ ಎಪ್ಪತ್ತು ಪರ್ಸೆಂಟಿನ ಮಾತು ಪಾಕಿಸ್ತಾನದ ಮಾಧ್ಯಮ ವಲಯದಲ್ಲಿ ಹರಡಿ ಇತ್ತ ದಾಟಿದ್ದು. ಪಿಐಬಿ ಇದನ್ನೂ ಸುಳ್ಳೆಂದು ಸಾರಿತ್ತು. ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತಿತ್ತು, ಅಂದರೆ ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದದ್ದು. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯವಾಗುವಂತೆ ವಾಟ್ಸಾಪ್ 2020ರಲ್ಲೇ ಬಿಗಿ ಮಾಡಿದೆ. ಊರಿಗೆ ಒಂದು ಸಲ ಬಂದರೆ ಸಾಕಾಗುವ ಮಾತಿಗೆ ಆ ಬಿಗಿಯಿಂದ ಏನೂ ಆಗಲಿಲ್ಲ.

‘ಜಾಲರಿ’ ಎಂಬ ಪದ ನನ್ನ ವಿದ್ಯಾರ್ಥಿನಿಯ ಕಣ್ಣಿಗೆ ಮೊದಲು ಬಿತ್ತು. ಮಂಡ್ಯದಲ್ಲಿ ಜಾಲರಿ ಇರುವುದು ಕಿಟಕಿಗೆ, ಕೋಳಿಗೂಡಿಗೆ. ಕರೆಂಟಿಗೆ ಗ್ರಿಡ್ ಅನ್ನುತ್ತಾರೆ, ಇಲ್ಲವೇ ಲೈನು ಅನ್ನುತ್ತಾರೆ. ಯಂತ್ರ ಅನುವಾದಿಸಿದ ಕನ್ನಡ ಅದು. ಹಾಗೆಂದು ಅದೊಂದನ್ನೇ ಹಿಡಿದು ವಿದೇಶದ ಕೈವಾಡ ಎಂದು ಸಾಧಿಸಲಾಗದು; ನಮ್ಮ ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತುಗಳೂ ಈಗ ಇದೇ ಕನ್ನಡದಲ್ಲಿ ಬರುತ್ತಿವೆ.

ಸಂದೇಶವನ್ನು ಗುಂಪಿಗೆ ಹಾಕಿದವನು ಸಂಘದ ಒಬ್ಬ ಯುವ ನಿರ್ದೇಶಕ, ಟ್ರ್ಯಾಕ್ಟರ್ ಇಟ್ಟುಕೊಂಡವನು, ಊರಿನ ಕೆಲಸಕ್ಕೆ ಮುಂದಾಗುವವನು. ಅವನು ಕಳಿಸಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಕ್ಯಾನುಗಳ ಸಾಲು ಶುರುವಾಯಿತು. ಸಂಜೆಗೆ ಡೀಸೆಲ್ ಮುಗಿಯಿತು. ಹಾಲು ತಂಪು ಮಾಡುವ ಬಿಎಂಸಿ ಘಟಕದ ಜನರೇಟರಿಗೆ ಡೀಸೆಲ್ ತರಲು ಹೋದ ಹುಡುಗ ಬರಿಗೈಯಲ್ಲಿ ಬಂದ.

ಅಷ್ಟರಲ್ಲಿ ಮಳೆ ಬಂತು. ಭರಣಿ ಮಳೆಯ ಕೊನೆಯ ದಿನ, ಸಂಜೆ ಏಳರ ಸುಮಾರಿಗೆ ಗಾಳಿ ಎದ್ದು ಕರೆಂಟು ಹೋಯಿತು. ಸಂಜೆ ಐದಕ್ಕೇ ಎರಡೂ ದೇಶಗಳ ನಡುವೆ ಕಾರ್ಯಾಚರಣೆ ನಿಲ್ಲಿಸುವ ಒಪ್ಪಂದ ಜಾರಿಗೆ ಬಂದಿದ್ದರೂ ಊರಿನಲ್ಲಿ ಆ ಹೊತ್ತಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರಿರಲಿಲ್ಲ. ಟವರಿನ ಸಿಗ್ನಲ್ಲೂ ಕುಂದಿತು. ಹಗಲು ಬಂದ ಸುಳ್ಳು ಆಗಲೇ ಫೋನಿನೊಳಗೆ ಅಕ್ಷರವಾಗಿ ಕೂತಿತ್ತು. ಅದನ್ನು ಅಲ್ಲಗಳೆಯುವ ಚಿತ್ರ ಮಾತ್ರ ತೆರೆಯದೆ ಸುತ್ತುತ್ತಲೇ ಇತ್ತು.

ಕತ್ತಲಲ್ಲಿ ಮೂರನೆಯದು ಹುಟ್ಟಿತು, ಇದು ಎಲ್ಲಿಂದಲೂ ಬಂದದ್ದಲ್ಲ. ನಲವತ್ತು ಸೆಕೆಂಡಿನ ಒಂದು ಧ್ವನಿ: ‘ಮೊಬೈಲ್ ಅಂಗಡಿಯವ್ನು ಮಧ್ಯಾಹ್ನವೇ ಡೀಸೆಲ್ ತುಂಬುಸ್ಕಂಡವ್ನೆ, ಅವ್ನಿಗೆ ಮೊದ್ಲೇ ಗೊತ್ತಿತ್ತು.’ ಅಂಗಡಿಯಾತ ಮುಸ್ಲಿಮ. ಅವನ ಮನೆಯಲ್ಲೂ ಎರಡು ಹಸುಗಳಿವೆ, ಅವನೂ ಆ ಗುಂಪಿನ ಸದಸ್ಯ, ಮತ್ತು ಡೀಸೆಲ್ ತಂದದ್ದು ನಿರ್ದೇಶಕ ಕಳಿಸಿದ ಅದೇ ಸಂದೇಶ ಓದಿ. ಊರಿನ ಅರ್ಧ ಜನ ಮಾಡಿದ್ದನ್ನೇ ಅವನೂ ಮಾಡಿದ್ದ. ಕರೆಂಟು ಹೋದಾಗ ಅವನ ಅಂಗಡಿಯ ಜನರೇಟರಿನಲ್ಲಿ ಹತ್ತು ರೂಪಾಯಿ ಕೊಟ್ಟು ಫೋನು ಚಾರ್ಜ್ ಮಾಡಿಸಿಕೊಂಡವರಲ್ಲಿ ಕೆಲವರು ಆ ಧ್ವನಿಯನ್ನು ಅದೇ ಫೋನಿನಿಂದ ಮುಂದಕ್ಕೆ ಕಳಿಸಿದರು. ಗಡಿಯಾಚೆ ಕುಳಿತವನಿಗೆ ಈ ಊರಿನ ಹೆಸರೂ ಗೊತ್ತಿರಲಾರದು. ಅವನಿಗೆ ಬೇಕಿದ್ದ ಕೆಲಸವನ್ನು ಊರು ತಾನಾಗಿ ಮಾಡಿಕೊಡುತ್ತಿತ್ತು.

ಏನೇನು ಮಾಡಿ ನೋಡಿದರು

ಮೇಷ್ಟ್ರು ಮೊದಲು ಮಾಡಿದ್ದು ಅಳಿಸುವ ಕೆಲಸ. ಶುಕ್ರವಾರದ ಎಟಿಎಂ ಸಂದೇಶವನ್ನೂ ಶನಿವಾರದ ಗ್ರಿಡ್ ಸಂದೇಶವನ್ನೂ ಡಿಲೀಟ್ ಮಾಡಿ, ಅಡ್ಮಿನ್ನರು ಮಾತ್ರ ಬರೆಯಬಹುದೆಂದು ಗುಂಪಿಗೆ ಬೀಗ ಹಾಕಿದರು. ಮೇಲುನೋಟಕ್ಕೆ ಜವಾಬ್ದಾರಿಯ ಕೆಲಸ ಅದು. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದು ಸಾಲು ಮಾತ್ರ ಉಳಿಯಿತು, ಆ ಸಾಲೇ ಊರಿಗೆ ಸಾಕ್ಷಿಯಾಯಿತು: ‘ಅಳ್ಸವ್ರೆ ಅಂದ್ರೆ ನಿಜ ಇರ್ಬೇಕು.’ ಒಂದು ಗಂಟೆಯೊಳಗೆ ಮೂರು ಹೊಸ ಗುಂಪುಗಳು ಹುಟ್ಟಿಕೊಂಡವು. ಅವುಗಳಲ್ಲಿ ಮೇಷ್ಟ್ರೂ ಇರಲಿಲ್ಲ, ಕಾರ್ಯದರ್ಶಿಯೂ ಇರಲಿಲ್ಲ. ಧ್ವನಿ ತುಣುಕು ಹರಿದಾಡಿದ್ದು ಅಲ್ಲಿ.

ಅಳಿಸುವಾಗ ಇನ್ನೊಂದು ನಷ್ಟವಾಯಿತು. ಶನಿವಾರ ಮಧ್ಯಾಹ್ನ ಒಬ್ಬ ರೈತ ಮಹಿಳೆ ಗ್ರಿಡ್ ಸಂದೇಶದ ಕೆಳಗೆ ಕೇಳಿದ್ದರು: ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಅನ್ನುತ್ತೀರಿ, ನಮಗೆ ನಾಲ್ಕು ಗಂಟೆಯೂ ಬರುವುದಿಲ್ಲ, ಇದಕ್ಕೂ ಪಾಕಿಸ್ತಾನವೇ ಕಾರಣವೇ? ಕೂಡಲೇ ಇಬ್ಬರು ಆಕೆಯನ್ನು ಶತ್ರು ದೇಶದ ಏಜೆಂಟು ಎಂದು ಬೈದರು. ಮೇಷ್ಟ್ರು ಜಗಳ ಬೇಡವೆಂದು ಬೈಗುಳದ ಜೊತೆ ಪ್ರಶ್ನೆಯನ್ನೂ ಅಳಿಸಿದರು. ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದು. ಸುಳ್ಳನ್ನು ತಡೆಯುವ ಹೆಸರಿನಲ್ಲಿ ಗುಂಪಿನಲ್ಲಿದ್ದ ಒಂದೇ ಒಂದು ನ್ಯಾಯವಾದ ಪ್ರಶ್ನೆ ಮಾಯವಾಗಿತ್ತು. ವಿದೇಶಿ ಪಿತೂರಿ ಎಂಬ ಹಣೆಪಟ್ಟಿ ಎಷ್ಟು ಸಲೀಸಾಗಿ ಕೈಗೆ ಸಿಗುತ್ತದೆ ಎಂಬುದಕ್ಕೂ ಇದೇ ಉದಾಹರಣೆ.

ಎರಡನೆಯ ಪ್ರಯತ್ನ ನನ್ನದು, ತಪ್ಪೂ ನನ್ನದು. ಶುಕ್ರವಾರ ರಾತ್ರಿ ವಿದ್ಯಾರ್ಥಿನಿ ಕೇಳಿದಾಗ ನಾನು ಇಂಗ್ಲಿಷಿನ ಸತ್ಯಶೋಧನೆಯ ಚಿತ್ರವೊಂದನ್ನು ಕಳಿಸಿ ಕೈ ತೊಳೆದುಕೊಂಡೆ. ಅದರಲ್ಲಿ ಸುಳ್ಳು ಸಂದೇಶವೇ ದೊಡ್ಡದಾಗಿತ್ತು, ಮೇಲೆ ಕೆಂಪು ಮೊಹರು. ಆ ಚಿತ್ರ ಸುತ್ತಾಡುತ್ತ ಮೊಹರಿನ ಭಾಗ ಕತ್ತರಿಸಿಹೋಗಿ, ಒಳಗಿನ ಸುಳ್ಳಷ್ಟೇ ‘ಸರ್ಕಾರದ ಚಿತ್ರ’ವಾಗಿ ಶನಿವಾರ ಮತ್ತೆ ಊರಿಗೆ ಬಂತು. ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುವಾಗ ನಾನೇ ಎಚ್ಚರಿಸುವ ವಿಷಯ ಇದು.

ಮೂರನೆಯದು ಪೊಲೀಸರಿಗೆ ದೂರು ಕೊಡುವ ಯೋಚನೆ. ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಕಾರ್ಯದರ್ಶಿಯ ಮನೆ ಜಗಲಿಯ ಮೇಲೆ, ಚಾರ್ಜಿಂಗ್ ಲೈಟಿನ ಬೆಳಕಿನಲ್ಲಿ, ಐದಾರು ಜನ ಕೂತಿದ್ದರು. ನಾನು ಫೋನಿನಲ್ಲಿ ಕೇಳುತ್ತಿದ್ದೆ, ಮಾತು ತುಂಡು ತುಂಡಾಗಿ ಬರುತ್ತಿತ್ತು. ನಿರ್ದೇಶಕನ ಮೇಲೆ ದೂರು ಕೊಟ್ಟರೆ ಉಳಿದವರಿಗೆ ಬುದ್ಧಿ ಬರುತ್ತದೆ ಎಂಬುದು ಮೇಷ್ಟ್ರ ಅಭಿಪ್ರಾಯ. ನಿರ್ದೇಶಕ ಅಲ್ಲೇ ಕೂತಿದ್ದ.

‘ಸುಳ್ ಹೇಳ್ಬೇಕು ಅಂತ ಕಳುಸ್ಲಿಲ್ಲ ಕಣ್ರೀ ಮೇಷ್ಟ್ರೇ. ಎಲ್ರೂ ಹುಷಾರಾಗಿರ್ಲಿ ಅಂತ ಕಳುಸ್ದೆ.’

ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಸಾರ್ವಜನಿಕರಲ್ಲಿ ಭಯ ಹುಟ್ಟಿಸುವ ಸುಳ್ಳು ಹೇಳಿಕೆಯನ್ನು ಅಪರಾಧವೆನ್ನುತ್ತದೆ. ನಿಜವೆಂದು ನಂಬಲು ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವನೆಯಿಂದ ಹೇಳಿದವರಿಗೆ ಅದೇ ಕಲಂ ವಿನಾಯಿತಿಯನ್ನೂ ಕೊಡುತ್ತದೆ. ನಾನು ಇಷ್ಟನ್ನು ಹೇಳಿದೆ. ಅದಕ್ಕಿಂತ ಕಾರ್ಯದರ್ಶಿಯ ಲೆಕ್ಕಾಚಾರ ಹೆಚ್ಚು ತೂಕದ್ದಾಗಿತ್ತು: ಇವನನ್ನು ಠಾಣೆಗೆ ಕಳಿಸಿದರೆ ನಾಳೆ ಯಾರೂ ‘ನಾನು ಕಳಿಸಿದ್ದು ತಪ್ಪು’ ಎಂದು ಬಾಯಿ ಬಿಡುವುದಿಲ್ಲ. ನಿರ್ದೇಶಕನ ಮೇಲೆ ದೂರು ಬೇಡ, ಆದರೆ ಅಂಗಡಿಯಾತನ ಮೇಲಿನ ಧ್ವನಿ ತುಣುಕನ್ನು ಠಾಣೆಗೆ ಈಗಲೇ ತಿಳಿಸಬೇಕು ಎಂದು ತೀರ್ಮಾನವಾಯಿತು. ಒಂದು ತಿಳಿಯದೆ ಹಂಚಿದ್ದು, ಇನ್ನೊಂದು ನೆರೆಯವನತ್ತ ಬೆರಳು ತೋರಿಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಇದ್ದದ್ದು ಆ ರಾತ್ರಿಯ ಮೊದಲ ಒಳ್ಳೆಯ ನಿರ್ಧಾರ. ಹತ್ತು ಗಂಟೆಗೆ ಠಾಣೆಯಿಂದ ಇಬ್ಬರು ಬಂದು ಅಂಗಡಿಯ ಮುಂದೆ ಬೆಳಗಿನವರೆಗೆ ಇದ್ದರು.

ತಿರುವು

ಜಗಲಿಯ ಮೇಲಿನ ಮಾತು ಗಡಿ, ಸೈಬರ್, ಸರ್ಕಾರ ಎಂದು ಸುತ್ತುತ್ತಿದ್ದಾಗ ಊರಿನ ಪವರ್‌ಮ್ಯಾನ್ ಒದ್ದೆ ರೈನ್‌ಕೋಟಿನಲ್ಲಿ ಬಂದರು. ಊರಿನ ಬಾಯಲ್ಲಿ ಇಂದಿಗೂ ಅವರು ಕೆಇಬಿ ಲೈನ್‌ಮನ್ನೇ. ಮಾತು ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು:

‘ಎಪ್ಪತ್ ಪರ್ಸೆಂಟ್ ಗ್ರಿಡ್ ಹೋಗಿದ್ರೆ ನಾಲೆ ಆಚೆ ಊರಲ್ಲಿ ಲೈಟ್ ಹೆಂಗ್ ಉರೀತದೆ ಸಾ? ಮಾಳ್ಗೆ ಹತ್ತಿ ನೋಡಿ.’

ಎಲ್ಲರೂ ಮಾಳಿಗೆ ಹತ್ತಿದರು. ನಾಲೆಯ ಆಚೆ ಪಕ್ಕದೂರಿನ ಬೀದಿದೀಪಗಳು ಮಳೆ ನೀರಿನಲ್ಲಿ ತೊಳೆದಂತೆ ಹೊಳೆಯುತ್ತಿದ್ದವು. ಎರಡು ಗಂಟೆಯಿಂದ ಅವು ಹಾಗೆಯೇ ಉರಿಯುತ್ತಿದ್ದವು, ಊರು ತಲೆ ಬಗ್ಗಿಸಿ ಫೋನು ನೋಡುತ್ತಿತ್ತು. ಎರಡೂ ಊರುಗಳಿಗೆ ಒಂದೇ ಉಪಕೇಂದ್ರದಿಂದ ಕರೆಂಟು, ಅಲ್ಲಿಂದ ಊರಿಗೆ ಬರುವ ಲೈನು, ಅಂದರೆ ಫೀಡರು, ಬೇರೆ. ಟ್ರಿಪ್ ಆಗಿದ್ದದ್ದು ಈ ಊರಿನ 11 ಕೆ.ವಿ. ಫೀಡರು ಒಂದೇ; ಕಾರಣ, ಕಬ್ಬಿನ ಗದ್ದೆಯ ಬದುವಿನ ತೆಂಗಿನ ಮರದಿಂದ ಮುರಿದ ಒಂದು ಗರಿ ಎರಡು ತಂತಿಗಳಿಗೆ ಅಡ್ಡಲಾಗಿ ಬಿದ್ದದ್ದು. ಗರಿ ತೆಗೆಯುವ ಮುನ್ನ ಅವರು ಟಾರ್ಚ್ ಬಿಟ್ಟು ಫೋಟೊ ತೆಗೆದಿದ್ದರು, ಮೇಲಿನವರಿಗೆ ವರದಿ ಮಾಡಲು. ಒಂದು ಇನ್ಸುಲೇಟರೂ ಒಡೆದಿದ್ದರಿಂದ ಲೈನು ಸರಿಯಾಗುವಾಗ ಬೆಳಗಾಗುತ್ತದೆ ಎಂದರು.

ಗ್ರಿಡ್ ಬಿದ್ದರೆ ಹೇಗಿರುತ್ತದೆಂಬುದಕ್ಕೆ ನಮ್ಮಲ್ಲಿ ಉದಾಹರಣೆಯಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯದ ಜಾಲಗಳು ಕುಸಿದಾಗ ಅರವತ್ತು ಕೋಟಿಗೂ ಹೆಚ್ಚು ಜನ ಕತ್ತಲಲ್ಲಿದ್ದರು, ರೈಲುಗಳು ನಿಂತವು, ಅದನ್ನು ತಿಳಿಯಲು ಯಾರಿಗೂ ಫಾರ್ವರ್ಡ್ ಸಂದೇಶ ಬೇಕಾಗಲಿಲ್ಲ. ದಕ್ಷಿಣದ ಜಾಲ ಆಗ ಬೇರೆಯಾಗಿದ್ದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದೂ ರಾಷ್ಟ್ರೀಯ ಜಾಲಕ್ಕೆ ಸೇರಿ ಇಡೀ ದೇಶ ಒಂದೇ ಲಯದಲ್ಲಿ ನಡೆಯುತ್ತಿದೆ. ಅದರಲ್ಲಿ ಎಪ್ಪತ್ತು ಭಾಗ ಹೋದ ಮೇಲೆ ಪಕ್ಕದೂರಿನ ಬೀದಿದೀಪ ಉಳಿಯುವುದಿಲ್ಲ. ನಾನು ಈ ವಿವರವನ್ನೆಲ್ಲ ಬರೆದು ಕಳಿಸುತ್ತೇನೆ ಎಂದೆ. ವಿದ್ಯಾರ್ಥಿನಿ ಬೇಡವೆಂದಳು. ‘ಸರ್, ಗರಿ ಫೋಟೊ ಸಾಕು.’

ಭಾನುವಾರ ಬೆಳಗಿನ ಹಾಲಿನ ಹೊತ್ತಿಗೆ ಏನು ಹೇಳಬೇಕೆಂಬುದನ್ನು ಆ ರಾತ್ರಿಯೇ ಕೂತು ನಿಶ್ಚಯಿಸಿದರು. ಅದರಲ್ಲಿ ಎರಡು ವಿಷಯಗಳ ಮೇಲೆ ಚರ್ಚೆಯಾಯಿತು. ಒಂದು, ಎಲ್ಲವನ್ನೂ ಪಾಕಿಸ್ತಾನದ ಕಿತಾಪತಿ ಎನ್ನಬೇಕೆಂದು ಮೇಷ್ಟ್ರು ಬಯಸಿದರು. ಗ್ರಿಡ್ ಮಾತು ಅತ್ತ ಕಡೆಯದೆಂದು ಹೇಳಲು ಆಧಾರವಿತ್ತು, ಎಟಿಎಂ ಮಾತಿಗೆ ಇರಲಿಲ್ಲ. ಆಧಾರವಿಲ್ಲದ್ದನ್ನು ಹೇಳಿದರೆ ನಾವೂ ಅದೇ ಕೆಲಸ ಮಾಡಿದಂತಾಗುತ್ತದೆ ಎಂದು ಕೊನೆಗೆ ಮೇಷ್ಟ್ರೇ ಒಪ್ಪಿದರು. ಇನ್ನೊಂದು, ಏಳು ಗಂಟೆ ಕರೆಂಟಿನ ಪ್ರಶ್ನೆಯನ್ನು ಮತ್ತೆ ಎತ್ತುವುದೋ ಬೇಡವೋ ಎಂಬುದು. ಪವರ್‌ಮ್ಯಾನ್ ಸ್ವಲ್ಪ ಹಿಂಜರಿದರು. ಆಮೇಲೆ, ಫೀಡರಿನ ಮೇಲೆ ಹೊರೆ ಹೆಚ್ಚಿದೆ, ಊರಿನವರು ಸಹಿ ಹಾಕಿ ಅರ್ಜಿ ಕೊಟ್ಟರೆ ಮೇಲಿನವರಿಗೆ ಮುಟ್ಟಿಸುತ್ತೇನೆ, ಅಷ್ಟನ್ನು ಧಾರಾಳವಾಗಿ ಹೇಳಿ ಎಂದರು.

ಏನಾಯಿತು

ಬೆಳಿಗ್ಗೆ ಆರಕ್ಕೆ ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಸಾಲಿಗೆ ಕಾರ್ಯದರ್ಶಿ ಮೈಕಿನಲ್ಲಿ ಮಾತಾಡಿದರು. ಲೈನು ಅಷ್ಟರಲ್ಲಿ ಸರಿಯಾಗಿತ್ತು. ಗುಂಪಿನ ಬೀಗ ತೆಗೆದು ಗರಿಯ ಫೋಟೊ ಹಾಕಿದರು. ಅದರ ಕೆಳಗೆ ನಿರ್ದೇಶಕನ ಧ್ವನಿ: ‘ನಾನೇ ಕಳುಸ್ದೋನು. ವಿಚಾರ್ಸದೆ ಕಳುಸ್ದೆ, ತಪ್ಪಾಯ್ತು. ಕರೆಂಟ್ ಹೋಗಿದ್ದು ಗರಿ ಬಿದ್ದು. ಅಂಗ್ಡಿ ಅಣ್ಣ ಡೀಸೆಲ್ ತಂದಿದ್ದು ನನ್ ಮೆಸೇಜ್ ನೋಡಿ.’ ಇಪ್ಪತ್ತು ಸೆಕೆಂಡೂ ಇಲ್ಲ. ಮೂರೂ ಹೊಸ ಗುಂಪುಗಳಿಗೆ ಅದನ್ನು ಅವನೇ ಕಳಿಸಿದ.

ನಾನು ಮಧ್ಯಾಹ್ನ ಊರು ತಲುಪಿದಾಗ ಕೇಳಿದ ಹತ್ತಾರು ಜನರಲ್ಲಿ ಪಿಐಬಿಯ ಚಿತ್ರ ನೆನಪಿದ್ದವರು ಯಾರೂ ಇರಲಿಲ್ಲ, ಧ್ವನಿ ಎಲ್ಲರಿಗೂ ನೆನಪಿತ್ತು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದು ಅದನ್ನು ಆಕಾಶವಾಣಿ ಎಂದು ಕರೆದದ್ದು ನನಗೆ ಆಗ ಜ್ಞಾಪಕಕ್ಕೆ ಬಂತು. ಮನಸ್ಸನ್ನು ಓದಿದವರಿಗೆ ದನಿಯ ಬಲ ತಿಳಿದಿರುತ್ತದೆ. ಆದರೆ ಇಲ್ಲಿ ಕೆಲಸ ಮಾಡಿದ್ದು ಪರಿಚಿತ ದನಿ, ಅದರಲ್ಲೂ ತಪ್ಪು ಮಾಡಿದವನದೇ ದನಿ.

ಸಹಿ ಹಾಕಿದ ಅರ್ಜಿ ಸೋಮವಾರ ಹೋಯಿತು. ಏಜೆಂಟು ಎಂದು ಬೈಸಿಕೊಂಡಿದ್ದ ಮಹಿಳೆಯದೇ ಮೊದಲ ಸಹಿ. ಅಂದೇ ಎಟಿಎಂಗೆ ಹಣ ತುಂಬಿದರು. ಹೆಚ್ಚಿಗೆ ಡೀಸೆಲ್ ತಂದವರ ಕ್ಯಾನುಗಳು ತಿಂಗಳೊಪ್ಪತ್ತು ಕೊಟ್ಟಿಗೆಯಲ್ಲಿದ್ದವು. ಧ್ವನಿ ತುಣುಕು ಮಾಡಿದವನನ್ನು ಠಾಣೆಗೆ ಕರೆಸಿ ಹೇಳಿಕೆ ಪಡೆದರು. ಅವನು ಅಂಗಡಿಗೆ ಹೋಗಿ ಕ್ಷಮೆ ಕೇಳಿದನೆಂದು ಕೆಲವರು ಹೇಳುತ್ತಾರೆ. ಅಂಗಡಿಯಾತ ಮೂರು ದಿನ ಬಾಗಿಲು ತೆರೆಯಲಿಲ್ಲ.

ಇದರಿಂದ ತಿಳಿದದ್ದು

ಹೊರಗಿನ ಸುಳ್ಳು ಒಳಗಿನ ಬಾಯಿಂದಲೇ ಬರುತ್ತದೆಂಬುದು ಹಳೆಯ ವಿದ್ಯೆ. 1983ರ ಜುಲೈಯಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಅಚ್ಚಾಯಿತು: ಏಡ್ಸ್ ವೈರಸ್ಸನ್ನು ಅಮೆರಿಕದ ಸೇನೆ ತಯಾರಿಸಿತೆಂದು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇಡಿಸಿದ ಪತ್ರ ಅದು. 1985ರಲ್ಲಿ ಮಾಸ್ಕೋದ ವಾರಪತ್ರಿಕೆ ಅದನ್ನೇ ‘ಭಾರತದ ಪತ್ರಿಕೆಯ ವರದಿ’ ಎಂದು ಎತ್ತಿಕೊಂಡಿತು. ಅಲ್ಲಿಂದ ಅದು ಲೋಕವೆಲ್ಲ ತಿರುಗಿತು. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಪ್ರಿಮಾಕೋವ್ ಅದು ತಮ್ಮವರ ಕೆಲಸವೆಂದು ಒಪ್ಪಿದರು. ಆಗ ಬೇಕಾಗಿದ್ದ ಪತ್ರಿಕೆಯ ಜಾಗದಲ್ಲಿ ಈಗ ಹಾಲಿನ ಡೇರಿಯ ಗುಂಪಿದೆ, ಒಂಬತ್ತು ವರ್ಷದ ಜಾಗದಲ್ಲಿ ಒಂಬತ್ತು ಗಂಟೆ.

ಆ ವಾರ ಭಾರತದಲ್ಲಿ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯುವಂತೆ ತನಗೆ ಆದೇಶ ಬಂದಿದೆ ಎಂದು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹೇಳಿತ್ತು. ಅಂಥ ತಡೆ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಈ ಊರಿನ ಮಟ್ಟಿಗೆ, ಆದೇಶ ಹೊರಡುವ ವೇಳೆಗೆ ಮಾತು ಕನ್ನಡವಾಗಿ, ಮುಚ್ಚಿದ ಗುಂಪುಗಳೊಳಗೆ ಬಂದು ಕೂತಿತ್ತು. ದೆಹಲಿಯಲ್ಲಿ ಸುಳ್ಳೆಂದು ಹೇಳಿದ್ದಕ್ಕೂ ಅದು ಊರಿನ ಕಿವಿಗೆ ಅರ್ಥವಾಗುವಂತೆ ಮುಟ್ಟಿದ್ದಕ್ಕೂ ನಡುವೆ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಸ್ವೀಡನ್ ದೇಶ 2022ರ ಜನವರಿ 1ರಿಂದ ಮಾನಸಿಕ ರಕ್ಷಣೆಗೆಂದೇ, ಅಂದರೆ ಹೊರದೇಶದ ಸುಳ್ಳು ಪ್ರಚಾರದಿಂದ ಜನರನ್ನು ಕಾಯಲೆಂದೇ, ಒಂದು ಸರ್ಕಾರಿ ಸಂಸ್ಥೆ ನಡೆಸುತ್ತಿದೆ. ನಮ್ಮಲ್ಲಿ ಅಂಥದ್ದು ಬಂದರೂ ಕೊನೆಯ ಮೈಲಿಯನ್ನು ಯಾರಾದರೂ ನಡೆಯಲೇಬೇಕು. ಅದು ಪಂಚಾಯಿತಿಯ ಪಿಡಿಒ ಇರಬಹುದು, ಆಶಾ ಕಾರ್ಯಕರ್ತೆ ಇರಬಹುದು, ಪವರ್‌ಮ್ಯಾನ್ ಇರಬಹುದು. ಅವರಿಗೆ ಸತ್ಯ ಗೊತ್ತಿರುತ್ತದೆ, ಹೇಳಲು ಯಾರೂ ಕೇಳಿರುವುದಿಲ್ಲ. ಈ ಪವರ್‌ಮ್ಯಾನ್ ಗುಂಪಿನ ಸದಸ್ಯರೇ ಆಗಿರಲಿಲ್ಲ. ಮೇ 11ರ ಬೆಳಿಗ್ಗೆ ಸೇರಿಸಿಕೊಂಡರು.

ಮೇಷ್ಟ್ರು ಈಗ ಸಂದೇಶ ಅಳಿಸುವುದಿಲ್ಲ. ಅನುಮಾನ ಬಂದರೆ ಅದರ ಕೆಳಗೆ ‘ಯಾರು ಕಣ್ಣಾರೆ ಕಂಡವರು?’ ಎಂದು ಬರೆಯುತ್ತಾರೆ. ಜೂನಿನಲ್ಲಿ ಮೃಗಶಿರಾ ಮಳೆಗೆ ಮತ್ತೆ ಕರೆಂಟು ಹೋದಾಗ ಗುಂಪಿನ ಮೊದಲ ಸಂದೇಶ ಆ ರೈತ ಮಹಿಳೆಯದು: ‘ಇವತ್ತು ಯಾರ್ ತ್ವಾಟದ್ ಗರಿ?’ ಕಾಲು ಗಂಟೆಯಲ್ಲಿ ಪವರ್‌ಮ್ಯಾನ್ ಫೋಟೊ ಹಾಕಿದರು, ಈ ಸಲ ನೀಲಗಿರಿ ಕೊಂಬೆ.

ಅಂಗಡಿಯಾತ ಮೇ 10ರ ರಾತ್ರಿ ಗುಂಪು ಬಿಟ್ಟವನು ಮತ್ತೆ ಸೇರಿಲ್ಲ. ಸೇರಿಸಿದರೆ ಹೊರಗೆ ಹೋಗುತ್ತಾನೆ, ಯಾಕೆಂದು ಯಾರೂ ಕೇಳುವುದಿಲ್ಲ. ಹಾಲಿನ ದರ ಬದಲಾದಾಗಲೆಲ್ಲ ನಿರ್ದೇಶಕನೇ ಅವನಿಗೆ ಬೇರೆಯಾಗಿ ಒಂದು ಮೆಸೇಜು ಕಳಿಸುತ್ತಾನೆ.